ಇನ್ನೊಂದು ದಾರಿ: ಮಾಹಿತಿ ತಂತ್ರಜ್ಞಾನ ಮತ್ತು ಬಡವರ ಆಯ್ಕೆ



ಬಡ ದೇಶಗಳ ಏಳಿಗೆಗೆ ಮಾಹಿತಿ ತಂತ್ರಜ್ಞಾನ ಎಷ್ಟರಮಟ್ಟಿಗೆ ನೆರವಾದೀತು ಎಂಬ ಪ್ರಶ್ನೆಗೆ ನಮ್ಮಲ್ಲಿ ಎರಡು ಸಿದ್ಧ ಉತ್ತರಗಳಿವೆ. ಕಂಪ್ಯೂಟರು ಬಂದರೆ ಲಂಚ ಹೋಗುತ್ತದೆ, ಮಧ್ಯವರ್ತಿ ಹೋಗುತ್ತಾನೆ, ರೈತನಿಗೆ ಬೆಲೆ ಸಿಗುತ್ತದೆ ಎಂಬುದು ಮೊದಲನೆಯದು. ಹೊಟ್ಟೆಗೆ ಹಿಟ್ಟಿಲ್ಲದವರ ಜುಟ್ಟಿಗೆ ಮಲ್ಲಿಗೆ ಮುಡಿಸಿದ ಹಾಗೆ ಎಂಬುದು ಎರಡನೆಯದು. ಮೊದಲನೆಯದನ್ನು ಸರ್ಕಾರಿ ಜಾಹೀರಾತುಗಳಲ್ಲಿ ಓದುತ್ತೇವೆ, ಎರಡನೆಯದನ್ನು ವಿಚಾರ ಸಂಕಿರಣಗಳಲ್ಲಿ ಕೇಳುತ್ತೇವೆ. ಎರಡಕ್ಕೂ ಈಗ ವಯಸ್ಸಾಗಿದೆ. ಕಳೆದ ಕಾಲು ಶತಮಾನದಲ್ಲಿ ಭಾರತದಲ್ಲೂ ಆಫ್ರಿಕದಲ್ಲೂ ನಡೆದ ಪ್ರಯೋಗಗಳನ್ನು ಅರ್ಥಶಾಸ್ತ್ರಜ್ಞರು ಅಳೆದು ತೂಗಿ ನೋಡಿದ್ದಾರೆ. ಒಂದೇ ಬಗೆಯ ವ್ಯವಸ್ಥೆ ಒಂದು ರಾಜ್ಯದಲ್ಲಿ ಫಲ ಕೊಟ್ಟಿದೆ, ಮತ್ತೊಂದರಲ್ಲಿ ಕೊಟ್ಟಿಲ್ಲ. ಕೆಲವೆಡೆ ಹಾನಿಯನ್ನೂ ಮಾಡಿದೆ. ಈ ವ್ಯತ್ಯಾಸ ಎಲ್ಲಿಂದ ಬಂತು ಎಂಬುದು ನನ್ನ ಉಪನ್ಯಾಸದ ವಿಷಯ.

ಮೊದಲಿಗೆ ಒಂದು ಗೊಂದಲವನ್ನು ಬದಿಗಿಡೋಣ. ಕರ್ನಾಟಕದಲ್ಲಿ ಮಾಹಿತಿ ತಂತ್ರಜ್ಞಾನ ಎಂದೊಡನೆ ಎಲ್ಲರ ಕಣ್ಣೆದುರು ಬರುವುದು ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್, ರಫ್ತಿನ ಲೆಕ್ಕ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಂದಿನಿಂದ ಈ ನಗರ ಗಳಿಸಿದ್ದನ್ನು ನಾನು ಹಗುರಾಗಿ ಕಾಣುವವನಲ್ಲ. ಆದರೆ ಇಡೀ ದೇಶದಲ್ಲಿ ಆ ಉದ್ಯಮ ನೇರವಾಗಿ ಕೆಲಸ ಕೊಟ್ಟಿರುವುದು 50ರಿಂದ 60 ಲಕ್ಷ ಜನಕ್ಕೆ. ದುಡಿಯುವ ಕೈಗಳು 50 ಕೋಟಿ ದಾಟಿದ ದೇಶ ನಮ್ಮದು. ತಂತ್ರಜ್ಞಾನವನ್ನು ಮಾರಿ ಬದುಕುವವರ ವಿಚಾರ ಬೇರೆ, ಅದನ್ನು ಬಳಸಿ ಬದುಕು ಸುಧಾರಿಸಿಕೊಳ್ಳಬೇಕಾದವರ ವಿಚಾರ ಬೇರೆ. ಇಲ್ಲಿ ನಾನು ಎತ್ತಿಕೊಳ್ಳುವುದು ಎರಡನೆಯದನ್ನು: ಮೀನುಗಾರ, ಸೋಯಾ ಬೆಳೆಗಾರ, ಪಹಣಿಗೆ ಅಲೆಯುವವನು, ಕೂಲಿಯ ಹಣಕ್ಕೆ ಕಾಯುವವಳು.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ತಂತ್ರಜ್ಞಾನ ಬಡವರ ಕೈಗೆ ನಾಲ್ಕು ಕಾಸು ಹೆಚ್ಚಿಗೆ ತಂದುಕೊಟ್ಟ ಕಡೆ ನೋಡಿದರೆ, ಅದು ಅವರಿಗೆ ಮೊದಲು ಇನ್ನೊಂದು ದಾರಿಯನ್ನು ತೆರೆದಿರುತ್ತದೆ. ಇನ್ನೊಬ್ಬ ಖರೀದಿದಾರ, ಇನ್ನೊಂದು ಕಚೇರಿ, ಹಣ ಕಳಿಸಲು ಇನ್ನೊಂದು ಬಗೆ. "ಈ ದರಕ್ಕೆ ಒಲ್ಲೆ" ಎಂದು ಎದ್ದು ಹೋಗುವ ಶಕ್ತಿ ಬಂದಾಗ ಮಾಹಿತಿ ದುಡ್ಡಾಗುತ್ತದೆ. ಇರುವ ದಾರಿಗಳನ್ನೆಲ್ಲ ಮುಚ್ಚಿ ಒಂದೇ ದಾರಿ ಉಳಿಸಿದ ತಂತ್ರಜ್ಞಾನ ಎಷ್ಟೇ ಹೊಸದಾಗಿರಲಿ, ಬಡವರಿಗೆ ಭಾರವಾಗಿದೆ.

ಈ ಕ್ಷೇತ್ರದಲ್ಲಿ ಎಲ್ಲರೂ ಉಲ್ಲೇಖಿಸುವ ಅಧ್ಯಯನವೊಂದಿದೆ. ರಾಬರ್ಟ್ ಜೆನ್ಸನ್ ಎಂಬ ಅರ್ಥಶಾಸ್ತ್ರಜ್ಞರು ಉತ್ತರ ಕೇರಳದ ಮೀನುಗಾರರ ಬಗ್ಗೆ 2007ರಲ್ಲಿ ಪ್ರಕಟಿಸಿದ್ದು. ನಮ್ಮ ಮಂಗಳೂರಿನಿಂದ ರೈಲು ಹಿಡಿದರೆ ಕೆಲವೇ ಗಂಟೆಗಳಲ್ಲಿ ಸಿಗುವ ಕರಾವಳಿ ಅದು: ಕಾಸರಗೋಡು, ಕಣ್ಣೂರು, ಕೋಯಿಕ್ಕೋಡ್. 1997ರ ಜನವರಿ 14ರ ಬೆಳಗ್ಗೆ ಅಲ್ಲಿನ ಬಡಗರದ ಕಡಲ ದಂಡೆಯಲ್ಲಿ 11 ಮಂದಿ ಮೀನುಗಾರರು ಬೂತಾಯಿ ಮೀನನ್ನು ಕೊಳ್ಳುವವರಿಲ್ಲದೆ ಚೆಲ್ಲುವುದರಲ್ಲಿದ್ದರು. ಅದೇ ಹೊತ್ತಿಗೆ, 15 ಕಿಲೋಮೀಟರ್ ಒಳಗಿನ ಬೇರೆ ಎರಡು ದಂಡೆಗಳಲ್ಲಿ 27 ಮಂದಿ ಖರೀದಿದಾರರು ಮೀನು ಸಿಗದೆ ಬರಿಗೈಯಲ್ಲಿ ಹೊರಡುತ್ತಿದ್ದರು. ಮೀನು ಕೆಡುವ ಸರಕು. ದೋಣಿ ಒಂದು ದಂಡೆಗೆ ಬಂದ ಮೇಲೆ ಮತ್ತೊಂದಕ್ಕೆ ಹೋಗುವಷ್ಟು ಹೊತ್ತೂ ಇಲ್ಲ, ಡೀಸೆಲ್ಲೂ ಇಲ್ಲ. ಎಲ್ಲಿ ಯಾರು ಕಾದಿದ್ದಾರೆಂದು ಕಡಲಿನಲ್ಲಿರುವವನಿಗೆ ತಿಳಿಯುವ ಬಗೆಯೂ ಇರಲಿಲ್ಲ.

1997ರಿಂದ 2001ರ ನಡುವೆ ಆ ತೀರಕ್ಕೆ ಮೊಬೈಲ್ ಸೇವೆ ಬಂತು. ಗೋಪುರಗಳ ಸಂಕೇತ ದಡದಿಂದ ಸಾಕಷ್ಟು ದೂರದವರೆಗೆ ಸಿಗುತ್ತಿದ್ದುದರಿಂದ ಮೀನುಗಾರರು ದೋಣಿಯಲ್ಲಿದ್ದುಕೊಂಡೇ ದರ ವಿಚಾರಿಸಿ, ದರ ಇದ್ದ ದಂಡೆಗೆ ದೋಣಿ ತಿರುಗಿಸತೊಡಗಿದರು. ದಂಡೆಯಿಂದ ದಂಡೆಗೆ ಅಜಗಜಾಂತರವಿದ್ದ ದರ ಹತ್ತಿರ ಹತ್ತಿರ ಬಂತು. ಚೆಲ್ಲುವುದು ನಿಂತೇ ಹೋಯಿತು. ಮೀನುಗಾರರ ಲಾಭ ಸರಾಸರಿ ಶೇ 8ರಷ್ಟು ಏರಿತು, ಮೀನು ತಿನ್ನುವವರಿಗೆ ದರ ಶೇ 4ರಷ್ಟು ಇಳಿಯಿತು. ಮಾರುವವನಿಗೂ ಕೊಳ್ಳುವವನಿಗೂ ಒಟ್ಟಿಗೇ ಲಾಭವಾಗುವುದು ಅರ್ಥಶಾಸ್ತ್ರದಲ್ಲಿ ದಿನಾ ಕಾಣುವ ಸಂಗತಿಯಲ್ಲ. ಹಾಗಾಗಿ ಈ ಅಧ್ಯಯನ ಜಗತ್ತಿನಲ್ಲೆಲ್ಲ ಮಾತಾಯಿತು. ಆಫ್ರಿಕದ ನೈಜರ್ ದೇಶದಲ್ಲೂ ಮೊಬೈಲ್ ಬಂದ ಮೇಲೆ ಸಂತೆಯಿಂದ ಸಂತೆಗೆ ಧಾನ್ಯದ ದರದ ಅಂತರ ಶೇ 10ರಿಂದ 16ರಷ್ಟು ಕುಗ್ಗಿತೆಂದು ಜೆನ್ನಿ ಏಕರ್ ತೋರಿಸಿದರು.

ಇಲ್ಲಿಗೆ ನಿಲ್ಲಿಸಿದರೆ ಕಥೆ ಸುಖಾಂತ. ಆದರೆ ಕೇರಳಕ್ಕೇ ಮತ್ತೆ ಹೋದ ಬೇರೆ ಸಂಶೋಧಕರು ಕಂಡದ್ದು ಸ್ವಲ್ಪ ಬೇರೆ. ದೋಣಿಗೂ ಬಲೆಗೂ ಮುಂಗಡ ಕೊಟ್ಟ ಕಮಿಷನ್ ಏಜೆಂಟನ ಹಂಗಿನಲ್ಲಿರುವ ಮೀನುಗಾರ, ಪಕ್ಕದ ದಂಡೆಯಲ್ಲಿ ದರ ಹೆಚ್ಚಿದೆ ಎಂದು ಗೊತ್ತಿದ್ದರೂ ಅಲ್ಲಿಗೆ ದೋಣಿ ತಿರುಗಿಸುವ ಹಾಗಿಲ್ಲ. ಅವನ ಹತ್ತಿರ ಫೋನಿದೆ, ದರವೂ ತಿಳಿದಿದೆ, ಹೋಗುವ ಸ್ವಾತಂತ್ರ್ಯ ಮಾತ್ರ ಸಾಲದ ಪುಸ್ತಕದಲ್ಲಿ ಒತ್ತೆ ಬಿದ್ದಿದೆ. ಇದು ನಮ್ಮ ಎಪಿಎಂಸಿ ಯಾರ್ಡುಗಳಲ್ಲಿ ಯಾರಿಗೂ ಹೊಸ ವಿಷಯವಲ್ಲ. ಬಿತ್ತನೆಗೆ, ಮದುವೆಗೆ, ಆಸ್ಪತ್ರೆಗೆ ಯಾವ ದಲ್ಲಾಳಿ ಅಂಗಡಿಯಿಂದ ದುಡ್ಡು ತಂದಿದ್ದಾನೋ ಅದೇ ಅಂಗಡಿಗೆ ರೈತನ ಚೀಲ ಇಳಿಯುತ್ತದೆ.

ಇದೇ ಮಾತನ್ನು ಇನ್ನಷ್ಟು ಖಚಿತವಾಗಿ ನೋಡಲು ಪಕ್ಕಪಕ್ಕದ ಎರಡು ರಾಜ್ಯಗಳ ಅನುಭವವನ್ನು ಜೋಡಿಸಿ ನೋಡಬಹುದು. ಮಹಾರಾಷ್ಟ್ರದಲ್ಲಿ ರೈತರ ಮೊಬೈಲಿಗೆ ಮಾರುಕಟ್ಟೆ ದರ, ಹವಾಮಾನ, ಬೆಳೆ ಸಲಹೆಯ ಸಂದೇಶ ಕಳಿಸುವ ಸೇವೆಯೊಂದಿತ್ತು. 100 ಹಳ್ಳಿಗಳಲ್ಲಿ ಅದನ್ನು ಪರೀಕ್ಷೆಗೊಡ್ಡಿದ ಫಾಫ್‌ಶಾಂ ಮತ್ತು ಮಿಂಟೆನ್ ಎಂಬ ಅರ್ಥಶಾಸ್ತ್ರಜ್ಞರಿಗೆ, ಸಂದೇಶ ಪಡೆದ ರೈತರಿಗೆ ಪಡೆಯದವರಿಗಿಂತ ಹೇಳಿಕೊಳ್ಳುವಂಥ ಹೆಚ್ಚಿನ ದರ ಸಿಕ್ಕಿದ್ದು ಕಾಣಲಿಲ್ಲ. ಮಾಹಿತಿ ಸರಿಯಾಗಿಯೇ ಇತ್ತು, ಸಕಾಲದಲ್ಲಿಯೇ ಬಂತು. ಆದರೂ ಜೇಬು ತುಂಬಲಿಲ್ಲ.

ಮಧ್ಯಪ್ರದೇಶದಲ್ಲಿ ಐಟಿಸಿ ಕಂಪನಿ 2000ನೇ ಇಸವಿಯಲ್ಲಿ ಇ-ಚೌಪಾಲ್ ಎಂಬ ವ್ಯವಸ್ಥೆ ಆರಂಭಿಸಿತು. ಹಳ್ಳಿಯ ಒಬ್ಬ ರೈತನ ಮನೆಯಲ್ಲಿ ಕಂಪ್ಯೂಟರು ಇಟ್ಟು ಸೋಯಾಬೀನಿನ ದರ ತೋರಿಸುವುದು ಅದರ ಒಂದು ಅಂಗ. ಇನ್ನೊಂದು ಅಂಗ ಹೆಚ್ಚು ಮುಖ್ಯ: ಆ ದರಕ್ಕೆ ಕಂಪನಿ ತನ್ನದೇ ಗೋದಾಮಿನಲ್ಲಿ, ತನ್ನದೇ ತಕ್ಕಡಿಯಲ್ಲಿ ತೂಗಿ ನೇರವಾಗಿ ಕೊಳ್ಳುತ್ತಿತ್ತು. ಅಪರಾಜಿತಾ ಗೋಯಲ್ ಅವರು ಇದನ್ನು ಅಳೆದಾಗ, ಆ ಸುತ್ತಿನ ಸರ್ಕಾರಿ ಮಂಡಿಗಳಲ್ಲಿ ಸೋಯಾ ದರ ಶೇ 1ರಿಂದ 3ರಷ್ಟು ಏರಿದ್ದು ತಿಳಿಯಿತು. ಸೋಯಾ ಬಿತ್ತುವ ಪ್ರದೇಶವೂ ಹೆಚ್ಚಿತು. ಗಮನಿಸಿ, ದರ ಏರಿದ್ದು ಮಂಡಿಯಲ್ಲಿ. ಕಂಪನಿಗೆ ಒಂದು ಕಾಳೂ ಮಾರದ ರೈತನಿಗೂ ಲಾಭವಾಯಿತು. ಅವನು ಎದ್ದು ಅತ್ತ ಹೋದಾನು ಎಂಬ ಅಂಜಿಕೆ ಮಂಡಿಯ ವ್ಯಾಪಾರಿಗೆ ಹುಟ್ಟಿತ್ತು, ಅಷ್ಟೇ. ದೊಡ್ಡ ಕಂಪನಿಯೊಂದು ಹಳ್ಳಿಗೆ ಕಾಲಿಡುವುದರ ಬಗ್ಗೆ ನನಗೆ ಅನುಮಾನಗಳಿಲ್ಲದಿಲ್ಲ. ನಾಳೆ ಮಂಡಿಯೇ ಸತ್ತು ಕಂಪನಿಯೊಂದೇ ಉಳಿದರೆ ರೈತ ಮತ್ತೆ ಒಂದೇ ದಾರಿಗೆ ಬೀಳುತ್ತಾನೆ. ಆದರೆ ಎರಡೂ ಇದ್ದಷ್ಟು ದಿನ ಅವನಿಗೆ ಲಾಭ.

ಬೆಂಗಳೂರಿನಲ್ಲಿ ಮೈಕ್ರೋಸಾಫ್ಟ್‌ನ ಸಂಶೋಧನಾಲಯವನ್ನು ಕಟ್ಟಿದವರಲ್ಲಿ ಒಬ್ಬರಾದ ಕೆಂಟಾರೊ ತೊಯಾಮ, ಇಲ್ಲಿನ ಹಳ್ಳಿಗಳ ಪ್ರಯೋಗಗಳನ್ನು ವರ್ಷಗಟ್ಟಲೆ ನೋಡಿದ ಮೇಲೆ, ಯಂತ್ರ ತಾನಾಗಿ ಏನನ್ನೂ ತರುವುದಿಲ್ಲ, ಸಮಾಜದಲ್ಲಿ ಆಗಲೇ ಇರುವ ಶಕ್ತಿಯನ್ನು ಹಿಗ್ಗಿಸುತ್ತದೆ ಎಂಬ ತೀರ್ಮಾನಕ್ಕೆ ಬಂದರು. ವಿಶ್ವಬ್ಯಾಂಕ್ ಕೂಡ 2016ರ ತನ್ನ ವಾರ್ಷಿಕ ಅಭಿವೃದ್ಧಿ ವರದಿಯಲ್ಲಿ ಹೆಚ್ಚುಕಡಿಮೆ ಇದನ್ನೇ ಹೇಳಿತು: ಡಿಜಿಟಲ್ ಫಲ ಬೇಕಿದ್ದರೆ ಸ್ಪರ್ಧೆ, ಕೌಶಲ, ಉತ್ತರದಾಯಿ ಆಡಳಿತ ಇವು ಜತೆಗಿರಬೇಕು. ಈ ಮಾತುಗಳಲ್ಲಿ ಹುರುಳಿದೆ. ಆದರೂ ಪೂರ್ತಿ ಒಪ್ಪಲು ನನಗೆ ಮನಸ್ಸಿಲ್ಲ. ಮಧ್ಯಪ್ರದೇಶದ ಮಂಡಿಯಲ್ಲಿ ಆಗಲೇ ಇದ್ದ ಶಕ್ತಿ ವ್ಯಾಪಾರಿಯದು. ಇ-ಚೌಪಾಲ್ ಅದನ್ನು ಹಿಗ್ಗಿಸಲಿಲ್ಲ, ತಗ್ಗಿಸಿತು. ಯಾರ ಶಕ್ತಿ ಹಿಗ್ಗಬೇಕೆಂಬುದನ್ನು ವ್ಯವಸ್ಥೆಯನ್ನು ಕಟ್ಟುವಾಗಲೇ ಸ್ವಲ್ಪಮಟ್ಟಿಗೆ ತೀರ್ಮಾನಿಸಬಹುದು.

ನಮ್ಮ ರಾಜ್ಯದ ಮಾರುಕಟ್ಟೆಗಳೇ ಇದಕ್ಕೆ ಸಾಕ್ಷಿ. ಹಿಂದೆ ಯಾರ್ಡಿನಲ್ಲಿ ಒಂದೊಂದು ರಾಶಿಗೂ ವ್ಯಾಪಾರಿಗಳು ಚೀಟಿಯಲ್ಲಿ ದರ ಬರೆದು ಹಾಕುವ ಟೆಂಡರ್ ಪದ್ಧತಿ ಇತ್ತು. ಚೀಟಿ ಹಾಕುವವರು ನಾಲ್ಕೈದು ಮಂದಿ, ಅವರೆಲ್ಲ ಒಟ್ಟಿಗೆ ಚಹಾ ಕುಡಿಯುವವರು. 2014ರಿಂದ ಕರ್ನಾಟಕ ತನ್ನ ಎಪಿಎಂಸಿಗಳನ್ನು ಏಕೀಕೃತ ಮಾರುಕಟ್ಟೆ ವೇದಿಕೆಗೆ ಜೋಡಿಸುತ್ತ ಬಂತು. 2019ರ ಹೊತ್ತಿಗೆ 160ಕ್ಕೂ ಹೆಚ್ಚು ಮಾರುಕಟ್ಟೆಗಳು ಅದರಲ್ಲಿದ್ದವು. ಒಂದು ಲೈಸೆನ್ಸಿನಲ್ಲಿ ಬೇರೆ ಊರಿನ ವ್ಯಾಪಾರಿಯೂ ದರ ನಮೂದಿಸಬಹುದು, ಒಬ್ಬರ ದರ ಇನ್ನೊಬ್ಬರಿಗೆ ಕಾಣದು. ಅಮೆರಿಕದ ವಿದ್ವತ್ ಪತ್ರಿಕೆಯೊಂದರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಭತ್ತ, ಶೇಂಗಾ, ಮೆಕ್ಕೆಜೋಳದ ದರ ಇದರಿಂದ ಸುಮಾರು ಶೇ 3.5ರಿಂದ 5ರಷ್ಟು ಏರಿತು. ಕ್ವಿಂಟಲಿಗೆ ನೂರು ರೂಪಾಯಿ ಹೆಚ್ಚು ಕಡಿಮೆಯಾದರೆ ವರ್ಷದ ಬಡ್ಡಿ ಕಟ್ಟಲು ಆಗುತ್ತದೋ ಇಲ್ಲವೋ ಎಂದು ತೀರ್ಮಾನವಾಗುವ ಮನೆಗಳಿಗೆ ಇದು ಸಣ್ಣ ಮೊತ್ತವಲ್ಲ. ಮುಂಗಡದ ಹಂಗು ಮಾತ್ರ ಈ ವೇದಿಕೆಯಿಂದ ಬಿಡಲಿಲ್ಲ. ಅದಕ್ಕೆ ಬೇಕಾದದ್ದು ಸಹಕಾರಿ ಸಂಘದ ಸಕಾಲಿಕ ಸಾಲ.

ಈಗ ಭೂಮಿಯ ವಿಷಯಕ್ಕೆ ಬರುತ್ತೇನೆ. ಸ್ವಲ್ಪ ಹೆಚ್ಚು ಹೊತ್ತು ಇಲ್ಲಿ ನಿಲ್ಲಬೇಕಾಗುತ್ತದೆ, ಸಭಿಕರು ಸಹಿಸಿಕೊಳ್ಳಬೇಕು. ಬಡ ದೇಶಗಳ ಇ-ಆಡಳಿತದ ಚರ್ಚೆಗಳಲ್ಲಿ ಕರ್ನಾಟಕದ ಹೆಸರು ಮೊದಲು ಬಂದದ್ದು ಸಾಫ್ಟ್‌ವೇರ್ ರಫ್ತಿನಿಂದಲ್ಲ, ಪಹಣಿ ಎಂಬ ಜಮೀನು ದಾಖಲೆಯಿಂದ.

ಈ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿದ ಭೂಮಿ ಯೋಜನೆಗೆ ಮುಂಚೆ ರಾಜ್ಯದ ಪಹಣಿಗಳೆಲ್ಲ ಸುಮಾರು 9,000 ಗ್ರಾಮ ಲೆಕ್ಕಿಗರ ವಶದಲ್ಲಿದ್ದವು. ಒಬ್ಬೊಬ್ಬರಿಗೂ ಹಲವು ಹಳ್ಳಿಗಳ ಹೊಣೆ. ಬ್ಯಾಂಕಿನ ಬೆಳೆ ಸಾಲಕ್ಕೆ ಪಹಣಿ ಬೇಕು, ಕೋರ್ಟಿನಲ್ಲಿ ಯಾರಿಗಾದರೂ ಜಾಮೀನು ನಿಲ್ಲಲೂ ಪಹಣಿ ಬೇಕು. ಲೆಕ್ಕಿಗರು ಸಿಗುವುದು ಇವತ್ತೋ ನಾಳೆಯೋ, ಸಿಕ್ಕರೂ ಬರೆದುಕೊಡಲು ಏನು ಕೇಳುತ್ತಾರೋ. ಬರೆದದ್ದು ಸರಿಯೋ ತಪ್ಪೋ ತಾಳೆ ನೋಡಲು ಬೇರೆ ಪ್ರತಿಯಿಲ್ಲ. ಸರ್ಕಾರಿ ಜಮೀನು ಖಾಸಗಿಯವರ ಹೆಸರಿಗೆ ಜಾರಿದ ಪ್ರಕರಣಗಳ ಹಿಂದೆ ಈ ಒಂಟಿ ಪುಸ್ತಕವಿತ್ತು.

ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿಯಷ್ಟು ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಲಾಯಿತು. 2002ರ ಹೊತ್ತಿಗೆ ರಾಜ್ಯದ ಎಲ್ಲ ತಾಲ್ಲೂಕು ಕಚೇರಿಗಳಲ್ಲಿ ಭೂಮಿ ಕೇಂದ್ರಗಳು ತೆರೆದವು. ಆಗ 15 ರೂಪಾಯಿ ಕೊಟ್ಟರೆ ಯಾರ ಪಹಣಿಯನ್ನಾದರೂ ಯಾರು ಬೇಕಾದರೂ ಪಡೆಯಬಹುದಿತ್ತು. ಕೌಂಟರಿನಲ್ಲಿ ಎರಡು ಪರದೆ: ಒಂದು ಸಿಬ್ಬಂದಿಯ ಕಡೆಗೆ, ಇನ್ನೊಂದು ರೈತನ ಕಡೆಗೆ. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ಇತ್ಯರ್ಥವಾಗಬೇಕು, ಹಿಂದಿನದನ್ನು ಬಿಟ್ಟು ಮುಂದಿನದನ್ನು ಎತ್ತಿಕೊಳ್ಳಲು ಸಾಫ್ಟ್‌ವೇರ್ ಬಿಡುವುದಿಲ್ಲ. ಅಧಿಕಾರಿ ಬೆರಳಚ್ಚು ಕೊಟ್ಟೇ ಒಳಹೋಗಬೇಕಾದ್ದರಿಂದ ಬದಲಾವಣೆ ಮಾಡಿದ್ದು ನಾನಲ್ಲ ಎನ್ನುವ ಹಾಗಿಲ್ಲ. ಇವೆಲ್ಲಕ್ಕಿಂತ ದೊಡ್ಡ ಹೆಜ್ಜೆ ಕಂಪ್ಯೂಟರಿನದಲ್ಲ, ಕಾನೂನಿನದು. ಒಂದೊಂದೇ ತಾಲ್ಲೂಕಿನಲ್ಲಿ ದಾಖಲೆ ಪೂರ್ತಿಯಾದಂತೆ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದು ಸರ್ಕಾರ ಆದೇಶಿಸಿತು. ಈ ಆದೇಶ ಇರದಿದ್ದರೆ ಕಂಪ್ಯೂಟರು ಕಚೇರಿಯ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿರುತ್ತಿತ್ತು.

ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ ಆಗ ನಡೆಸಿದ ಸಮೀಕ್ಷೆಯಲ್ಲಿ, ಹಳೆಯ ಪದ್ಧತಿಯಲ್ಲಿ ಪಹಣಿ ಪಡೆದವರ ಪೈಕಿ ಮೂರರಲ್ಲಿ ಎರಡು ಪಾಲಿನಷ್ಟು ಮಂದಿ ಲಂಚ ಕೊಟ್ಟಿದ್ದಾಗಿ ಹೇಳಿದರು; ಭೂಮಿ ಕೇಂದ್ರದಲ್ಲಿ ಹಾಗೆ ಹೇಳಿದವರು ಬೆರಳೆಣಿಕೆಯಷ್ಟು. ನಂತರ ಪಹಣಿ ನಾಡಕಚೇರಿಗೆ, ಸೈಬರ್ ಅಂಗಡಿಗೆ, ಕೊನೆಗೆ ಕೈಯಲ್ಲಿನ ಮೊಬೈಲಿಗೇ ಬಂತು. ಪ್ರತಿ ಪಡೆಯಲು ಇಂದು ರೈತ ಯಾರ ಮುಂದೆಯೂ ಕೈಕಟ್ಟಿ ನಿಲ್ಲಬೇಕಿಲ್ಲ. ಇದು ದೊಡ್ಡ ಸಾಧನೆ, ಇದನ್ನು ಕೊಂಕಿಲ್ಲದೆ ಒಪ್ಪಬೇಕು.

ಆದರೆ ಪ್ರತಿ ಕೊಡುವ ಕೆಲಸಕ್ಕೆ ಹತ್ತು ದಾರಿ ತೆರೆದಷ್ಟು ಸುಲಭವಾಗಿ ತಪ್ಪು ತಿದ್ದುವ ಕೆಲಸಕ್ಕೆ ಎರಡನೆಯ ದಾರಿ ತೆರೆಯಲಿಲ್ಲ. ಪಹಣಿಯನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಅದರ ಕಾಲಂಗಳು ಗೊತ್ತು. 9ರಲ್ಲಿ ಸ್ವಾಧೀನದಾರನ ಹೆಸರು, 10ರಲ್ಲಿ ಆ ಹಕ್ಕು ಬಂದ ರೀತಿ, 11ರಲ್ಲಿ ಸಾಲ ಮತ್ತು ಋಣಭಾರ, 12ರಲ್ಲಿ ಸಾಗುವಳಿದಾರ ಮತ್ತು ಬೆಳೆ. 9ನೇ ಕಾಲಂನಲ್ಲಿ ಸತ್ತು ಎಷ್ಟೋ ವರ್ಷವಾದ ಅಜ್ಜನ ಹೆಸರೇ ಇರುತ್ತದೆ. ವಾರಸುದಾರರ ಹೆಸರಿಗೆ ಪೌತಿ ಖಾತೆ ಆಗಿಲ್ಲ. ಹೆಸರಿನಲ್ಲಿ ಒಂದಕ್ಷರ ಆಧಾರ್ ಕಾರ್ಡಿಗೆ ಹೊಂದುವುದಿಲ್ಲ. ವಿಸ್ತೀರ್ಣ ಸರ್ವೆ ಇಲಾಖೆಯ ಆಕಾರ್‌ಬಂದ್‌ಗೆ ತಾಳೆಯಾಗುವುದಿಲ್ಲ. ಅಣ್ಣತಮ್ಮಂದಿರ ಐದಾರು ಹೆಸರು ಒಂದೇ ಪಹಣಿಯಲ್ಲಿ ಜಂಟಿಯಾಗಿ ಕೂತಿದೆ; ಪೋಡಿ ಆಗದೆ, ಅಂದರೆ ಜಮೀನು ಅಳೆದು ಬೇರ್ಪಡಿಸದೆ, ಯಾರಿಗೂ ತನ್ನ ಭಾಗದ ಮೇಲೆ ನೆಮ್ಮದಿಯಾಗಿ ಸಾಲ ಸಿಗುವುದಿಲ್ಲ. ಇವನ್ನು ಸರಿಪಡಿಸಲು ಗ್ರಾಮ ಲೆಕ್ಕಿಗರ ವರದಿ, ರೆವಿನ್ಯೂ ಇನ್ಸ್‌ಪೆಕ್ಟರರ ಮಹಜರು, ತಹಶೀಲ್ದಾರರ ಆದೇಶ, ಕೆಲವಕ್ಕೆ ಉಪವಿಭಾಗಾಧಿಕಾರಿಯ ಕೋರ್ಟು. ಒಂದೊಂದು ಹಂತದಲ್ಲೂ ಒಬ್ಬರೇ. ಅವರು ಆಗುವುದಿಲ್ಲ ಎಂದರೆ ಬೇರೆ ಕಡೆ ಹೋಗುವ ಹಾಗಿಲ್ಲ. ಹಳೆಯ ಪುಸ್ತಕದಲ್ಲಿದ್ದ ತಪ್ಪು ಕಂಪ್ಯೂಟರಿಗೆ ಏರಿದ ಮೇಲೆ ಇನ್ನೂ ಗಟ್ಟಿಯಾಯಿತು. ಕಂಪ್ಯೂಟರಿನಲ್ಲೇ ಹೀಗಿದೆ ಎಂಬ ಮಾತಿಗೆ ಎದುರಾಡುವುದು ಯಾರಿಗೂ ಸುಲಭವಲ್ಲ.

ದಾಖಲೆ ಎಲ್ಲರಿಗೂ ಕಾಣುವಂತಾದಾಗ ಅದನ್ನು ಹೆಚ್ಚು ಚೆನ್ನಾಗಿ ಓದಬಲ್ಲವನಿಗೆ ಹೆಚ್ಚು ಲಾಭ ಎಂಬುದನ್ನೂ ಮರೆಯಬಾರದು. ಬೆಂಗಳೂರಿನ ಸುತ್ತಮುತ್ತ ಜಮೀನು ಕೊಳ್ಳುವ ದೊಡ್ಡ ಕುಳಗಳಿಗೆ ಯಾವ ಸರ್ವೆ ನಂಬರು ಯಾರದು, ಯಾವುದರ ಮೇಲೆ ಸಾಲವಿದೆ ಎಂಬುದು ಕುಳಿತಲ್ಲೇ ತಿಳಿಯುವಂತಾಯಿತು, ಸಣ್ಣ ಹಿಡುವಳಿದಾರರ ಮೇಲೆ ಒತ್ತಡ ಹೆಚ್ಚಿತು ಎಂದು ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲೇ ಎಚ್ಚರಿಸಿದ್ದರು. ಅವರ ತೀರ್ಮಾನಗಳೆಲ್ಲವನ್ನೂ ಒಪ್ಪದವರೂ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ.

ಹಣ ಕಳಿಸುವ ದಾರಿಯ ವಿಷಯಕ್ಕೆ ಬಂದರೆ, ಕೀನ್ಯಾದ ಎಂ-ಪೆಸಾ ಎಂಬ ಮೊಬೈಲ್ ಹಣ ಸೇವೆಯ ಬಗ್ಗೆ ಸಾಕಷ್ಟು ಬರೆಯಲಾಗಿದೆ, ಹಾಗಾಗಿ ಎರಡೇ ಮಾತು. 2007ರಲ್ಲಿ ಸಫಾರಿಕಾಮ್ ಕಂಪನಿ ಆರಂಭಿಸಿದ ಈ ಸೇವೆಗೆ ಸ್ಮಾರ್ಟ್‌ಫೋನ್ ಬೇಕಿರಲಿಲ್ಲ, ಬ್ಯಾಂಕ್ ಖಾತೆ ಬೇಕಿರಲಿಲ್ಲ. ಬೀದಿ ಬದಿಯ ಅಂಗಡಿಯವನೇ ಏಜೆಂಟ್. ಅದಕ್ಕೆ ಮುಂಚೆ ನೈರೋಬಿಯಲ್ಲಿ ದುಡಿಯುವವನು ಊರಿಗೆ ಹಣ ಕಳಿಸಬೇಕಿದ್ದರೆ ಬಸ್ಸಿನವನ ಕೈಗೋ ಪರಿಚಿತರ ಕೈಗೋ ಕೊಡಬೇಕಿತ್ತು. ಸೂರಿ ಮತ್ತು ಜ್ಯಾಕ್ ಎಂಬ ಅರ್ಥಶಾಸ್ತ್ರಜ್ಞರು ಹಲವು ವರ್ಷ ಕುಟುಂಬಗಳನ್ನು ಹಿಂಬಾಲಿಸಿ ನೋಡಿದಾಗ, ಸುಮಾರು 1,94,000 ಕುಟುಂಬಗಳು, ಅಂದರೆ ದೇಶದ ಶೇ 2ರಷ್ಟು, ಇದರಿಂದ ಬಡತನದ ಗೆರೆ ದಾಟಿದವೆಂದು ಅಂದಾಜಿಸಿದರು. 1,85,000 ಮಹಿಳೆಯರು ಬೇಸಾಯ ಬಿಟ್ಟು ಸಣ್ಣ ವ್ಯಾಪಾರಕ್ಕೆ ಇಳಿದರು ಎಂಬುದು ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಆದರೆ ಇದೇ ಕಂಪನಿ ತನ್ನ ಏಜೆಂಟರು ಬೇರೆ ಕಂಪನಿಯ ಕೆಲಸ ಮಾಡದಂತೆ ಕಟ್ಟಿಹಾಕಿತ್ತು. 2014ರಲ್ಲಿ ಅಲ್ಲಿನ ಸ್ಪರ್ಧಾ ಪ್ರಾಧಿಕಾರ ಮಧ್ಯೆ ಬಂದು ಆ ಗಂಟು ಬಿಚ್ಚಿಸಬೇಕಾಯಿತು.

ಇನ್ನು ಸರ್ಕಾರವೇ ಬಡವರಿಗೆ ಹಣ, ಧಾನ್ಯ ಹಂಚುವ ಕಡೆ. ಒಂದೇ ಸಂಶೋಧಕರ ತಂಡ, ಮುರಳೀಧರನ್, ನೀಹೌಸ್, ಸುಖ್ತಂಕರ್, ಎರಡು ರಾಜ್ಯಗಳಲ್ಲಿ ಬೆರಳಚ್ಚು ಗುರುತಿನ ವ್ಯವಸ್ಥೆಯನ್ನು ಪರೀಕ್ಷಿಸಿದ್ದು ನಮ್ಮ ಅದೃಷ್ಟ. ವಿಭಜನೆಗೆ ಮುಂಚಿನ ಆಂಧ್ರಪ್ರದೇಶದಲ್ಲಿ ಉದ್ಯೋಗ ಖಾತ್ರಿ ಕೂಲಿಯನ್ನು ಸ್ಮಾರ್ಟ್‌ಕಾರ್ಡ್ ಮೂಲಕ ಊರಲ್ಲೇ ಕೊಟ್ಟಾಗ ಕೂಲಿ ಬೇಗ ಕೈಸೇರಿತು, ಸೋರಿಕೆ ಶೇ 41ರಷ್ಟು ತಗ್ಗಿತು. ಜಾರ್ಖಂಡ್‌ನಲ್ಲಿ ಪಡಿತರಕ್ಕೆ ಆಧಾರ್ ಬೆರಳಚ್ಚು ಕಡ್ಡಾಯ ಮಾಡಿದಾಗ, ಆರಂಭದ ಹಂತದಲ್ಲಿ ಸೋರಿಕೆ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಪಡಿತರ ಚೀಟಿಗೆ ಆಧಾರ್ ಜೋಡಣೆಯಾಗಿರದ ಕುಟುಂಬಗಳ ಪಡಿತರಕ್ಕೆ ಸಂಚಕಾರ ಬಂತು. ತಂತ್ರ ಹೆಚ್ಚುಕಡಿಮೆ ಒಂದೇ. ಆಂಧ್ರದಲ್ಲಿ ಕಾರ್ಡು ಇಲ್ಲದವರಿಗೂ ಹಳೆಯ ರೀತಿಯಲ್ಲಿ ಕೂಲಿ ಕೊಡಲು ಅವಕಾಶ ಉಳಿಸಿದ್ದರು, ಕೂಲಿ ಮುಟ್ಟಿತೇ ಎಂಬುದರ ಮೇಲೆ ಕಣ್ಣಿಟ್ಟಿದ್ದರು. ಜಾರ್ಖಂಡ್‌ನಲ್ಲಿ ಕಣ್ಣಿದ್ದದ್ದು ನಕಲಿ ಫಲಾನುಭವಿಯ ಮೇಲೆ. ಜೀವನವಿಡೀ ಕಲ್ಲು, ಸಗಣಿ, ಸಾಬೂನಿನಲ್ಲಿ ಸವೆದ ಬೆರಳಿನಲ್ಲಿ ಗೆರೆ ಹುಡುಕುವ ಯಂತ್ರವೊಂದೇ ಅಕ್ಕಿಯ ದಾರಿಯಾದರೆ ಏನಾಗುತ್ತದೆಂಬುದನ್ನು ವಿವರಿಸಬೇಕಿಲ್ಲ.

ದಾಖಲಾಗುವುದಕ್ಕೇ ಬಡವರು ಅಂಜುವ ಸಂದರ್ಭವೂ ಇದೆ. 2016ರಲ್ಲಿ ಬಂದ ಯುಪಿಐ ಯಾವ ಬ್ಯಾಂಕಿನಿಂದ ಯಾವ ಬ್ಯಾಂಕಿಗಾದರೂ ಹಣ ಸಾಗಿಸುವಂತೆ ಮಾಡಿ, ಕೀನ್ಯಾ ಮಾಡದ ಕೆಲಸವನ್ನು ಮೊದಲ ದಿನದಿಂದಲೇ ಮಾಡಿತು. ಆದರೂ 2025ರ ಜುಲೈನಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳ ಮುಂದೆ "ಯುಪಿಐ ಇಲ್ಲ, ನಗದು ಮಾತ್ರ" ಎಂಬ ಚೀಟಿಗಳು ಕಂಡವು. ಯುಪಿಐ ವಹಿವಾಟಿನ ಮೊತ್ತ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಕಳಿಸಿತ್ತು. ಕಾನೂನಿನ ಪ್ರಕಾರ ಇಲಾಖೆಯ ತರ್ಕ ಸರಿಯಿರಬಹುದು. ಆದರೆ ಹಾಲು, ತರಕಾರಿಯಂಥ ತೆರಿಗೆಯಿಲ್ಲದ ಸರಕಿನ ವಹಿವಾಟೂ ಆ ಮೊತ್ತದಲ್ಲಿ ಸೇರಿದೆ ಎಂದು ವಿವರಿಸುವ ಹೊಣೆ ಲೆಕ್ಕ ಬರೆದು ಅಭ್ಯಾಸವೇ ಇಲ್ಲದವರ ತಲೆಗೆ ಬಂತು. ಅವರಿಗೆ ನಗದಿಗೆ ಮರಳುವ ದಾರಿಯಿತ್ತು, ಮರಳಿದರು. ಇದನ್ನು ಹಿಂದುಳಿದ ಮನಸ್ಸು ಎಂದು ಬೈಯುವವರ ಜತೆ ನಾನಿಲ್ಲ.

ಕೊನೆಯದಾಗಿ, ಪಹಣಿಯ 12ನೇ ಕಾಲಂಗೆ ಮತ್ತೆ ಬರುತ್ತೇನೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಗೇಣಿ ನಿಷಿದ್ಧ. ಉಳುವವನೇ ಹೊಲದೊಡೆಯ ಎಂಬ ಆ ಕಾಯ್ದೆಯಿಂದ ಲಕ್ಷಾಂತರ ಗೇಣಿದಾರರಿಗೆ ಭೂಮಿ ಬಂತು, ಅದರ ಮಹತ್ವವನ್ನು ಯಾರೂ ಕಡೆಗಣಿಸಲಾರರು. ಆದರೆ ಇಂದು ಹಳ್ಳಿಗಳಲ್ಲಿ ಕೋರಿಗೆ, ಲಾವಣಿಗೆ, ಗುತ್ತಿಗೆಗೆ ಬೇರೆಯವರ ಹೊಲ ಮಾಡುವವರು ಇದ್ದಾರೆ. ಇವರಲ್ಲಿ ಅನೇಕರು ತುಂಡು ಭೂಮಿಯವರು, ಭೂಮಿಯೇ ಇಲ್ಲದವರು. ಕಾನೂನಿನ ಕಣ್ಣಿಗೆ ಇವರು ಇಲ್ಲ, ಆದ್ದರಿಂದ ಪಹಣಿಯಲ್ಲಿಲ್ಲ. ಬರ ಪರಿಹಾರ, ಬೆಳೆ ವಿಮೆ, ಬೆಂಬಲ ಬೆಲೆಯ ಖರೀದಿ, ಎಲ್ಲವೂ ಪಹಣಿಗೂ ಫ್ರೂಟ್ಸ್ ಎಂಬ ರೈತ ನೋಂದಣಿ ವ್ಯವಸ್ಥೆಯ ಗುರುತಿನ ಸಂಖ್ಯೆಗೂ ಕೊಂಡಿ ಹಾಕಿಕೊಂಡ ಮೇಲೆ ಬೀಜ, ಗೊಬ್ಬರದ ಸಾಲ ಮಾಡಿದವನು ಒಬ್ಬ, ಪರಿಹಾರ ಖಾತೆಗೆ ಬಿದ್ದದ್ದು ಇನ್ನೊಬ್ಬನಿಗೆ. ಹಿಂದೆ ಊರಿನ ಲೆಕ್ಕಿಗರಿಗೆ ಯಾರು ಉಳುತ್ತಿದ್ದಾರೆಂದು ಗೊತ್ತಿರುತ್ತಿತ್ತು, ಮನಸ್ಸಿದ್ದರೆ ಒಂದಿಷ್ಟು ಸರಿದೂಗಿಸುತ್ತಿದ್ದರು. ತಂತ್ರಾಂಶಕ್ಕೆ ಆ ಮನಸ್ಸೂ ಇಲ್ಲ, ಆ ಅಧಿಕಾರವೂ ಇಲ್ಲ.

ಸಾಧನಗಳ ಕೊರತೆಯೇನೂ ನಮಗಿಲ್ಲ. 2020ರಿಂದ ರೈತರೇ ತಮ್ಮ ಹೊಲದಲ್ಲಿ ನಿಂತು ಫೋಟೊ ಸಮೇತ ಬೆಳೆ ವಿವರ ಸೇರಿಸುವ ಬೆಳೆ ಸಮೀಕ್ಷೆ ಆ್ಯಪ್ ಇದೆ. ನಮೂದಾದ ಬೆಳೆ ತಪ್ಪಾಗಿದ್ದರೆ ಆಕ್ಷೇಪಣೆ ಸಲ್ಲಿಸಲು ಬೆಳೆ ದರ್ಶಕ್ ಇದೆ. ಬೆಳೆ ತಪ್ಪಾಗಿದೆ ಎನ್ನಲು ಅದರಲ್ಲಿ ಅವಕಾಶವಿದೆ, ಬೆಳೆದವನು ನಾನು ಎನ್ನಲು ಇಲ್ಲ. ಆಂಧ್ರಪ್ರದೇಶ 2019ರಲ್ಲಿ ಸಾಗುವಳಿದಾರರ ಹಕ್ಕಿನ ಕಾಯ್ದೆ ಮಾಡಿ, 11 ತಿಂಗಳ ಒಪ್ಪಂದದ ಮೇಲೆ ಉಳುವವರಿಗೆ ಕಾರ್ಡು ಕೊಡಲು ಹೊರಟಿತು. ಒಡೆತನಕ್ಕೆ ಧಕ್ಕೆಯಿಲ್ಲವೆಂದು ಕಾಯ್ದೆಯಲ್ಲೇ ಬರೆಯಿತು. ಆದರೆ ಅದಕ್ಕೆ ಮಾಲೀಕನ ಸಹಿ ಬೇಕಿತ್ತು, ಸಹಿ ಹಾಕಲು ಮಾಲೀಕರು ಹಿಂಜರಿದರು. ಮತ್ತೆ ಅದೇ ಒಂಟಿ ದಾರಿ. ಮಾಲೀಕನ ಸಹಿಯ ಜತೆಗೆ, ಗ್ರಾಮಸಭೆಯ ದೃಢೀಕರಣವನ್ನೋ ಅಕ್ಕಪಕ್ಕದ ಹೊಲದವರ ಹೇಳಿಕೆಯನ್ನೋ ಪರಿಹಾರದ ಮಟ್ಟಿಗೆ ಸಾಕ್ಷಿಯಾಗಿ ಒಪ್ಪಬಹುದೇ ಎಂಬುದು ನಾನು ಈ ಸಭೆಯ ಮುಂದಿಡುವ ಸಲಹೆ. ಹಾಗೆ ಒಪ್ಪಿದರೆ 1974ರ ಕಾಯ್ದೆಯ ಆಶಯಕ್ಕೆ ಭಂಗ ಬಂದು ಹಳೆಯ ಗೇಣಿ ಪದ್ಧತಿ ಹಿತ್ತಲಿನಿಂದ ಒಳಬಂದೀತು ಎಂಬ ಅಂಜಿಕೆ ಅನೇಕ ಹಿರಿಯ ಹೋರಾಟಗಾರರಿಗಿದೆ. ಅದು ನಿಜವಾದ ಅಂಜಿಕೆ. ಆ ಚರ್ಚೆ ವಿಧಾನಸಭೆಯಲ್ಲಿ, ರೈತಸಂಘಗಳಲ್ಲಿ, ಕಂದಾಯ ಇಲಾಖೆಯಲ್ಲಿ ನಡೆದು ಒಂದು ತೀರ್ಮಾನಕ್ಕೆ ಬಂದರೆ, ಆ್ಯಪಿನಲ್ಲಿ ಒಂದು ಕಾಲಂ ಹೆಚ್ಚಿಸುವುದು ಬೆಂಗಳೂರಿನ ಯಾವ ಎಂಜಿನಿಯರಿಗೂ ಕಷ್ಟದ ಕೆಲಸವಲ್ಲ.